ಹೊಳೆಯುವ ಕಲ್ಲು

ಮಖ್ತಲದ ಕಿರಾಣಿ ವ್ಯಾಪಾರಿ ಆದೆಪ್ಪ ಇಲೆಕ್ಷನ್ನಿಗೆ ನಿಂತದ್ದೇನೂ ತಪ್ಪಲ್ಲ; ಅವನಿಗೆ ತಕ್ಕಡಿ ಗುರುತು ಬಂದದ್ದೇ ಪೀಕಲಾಟಕ್ಕೆ ಬಂತು. ಹೈದರಾಬಾದ್ ರಾಜ್ಯದಲ್ಲಿ ಅದು ಮೊದಲ ದೊಡ್ಡ ಚುನಾವಣೆ. ಒಬ್ಬೊಬ್ಬ ಉಮೇದುವಾರನಿಗೆ ಒಂದೊಂದು ಪೆಟ್ಟಿಗೆ, ಅದರ ಮೇಲೆ ಅವನ ಗುರುತು. ಜನಕ್ಕೆ ತೋರಿಸಲೆಂದು ಆದೆಪ್ಪ ಅಂಗಡಿಯ ತಕ್ಕಡಿಯನ್ನೇ ಬಂಡಿಗೆ ಹಾಕಿಸಿದ. ಬಾಯಿ ಸಿಹಿ ಮಾಡಲು ಬೆಲ್ಲದ ಪೆಂಟಿಗಳನ್ನು ಹೇರಿ, ಹೆಂಡತಿ ಚನ್ನವೀರಮ್ಮನನ್ನು ಕೂಡಿಸಿಕೊಂಡು ಪಕ್ಕದ ಹಳ್ಳಿ ನಾರ್ವಕ್ಕೆ ಓಟು ಕೇಳಲು ಹೊರಟ.

ಆ ಊರ ಬಾಗಿಲಲ್ಲೇ ಕುರುಬರ ಮುದುಕಿ ಕಿಷ್ಟಮ್ಮ ಸೆರಗಿನ ಗಂಟು ಬಿಚ್ಚಿದಳು.

"ಸಾವ್ಕಾರ್ರ, ನಿನ್ನಿ ಸಂತ್ಯಾಗ ನಿಮ್ಮ ಅಂಗಡ್ಯಾಗ ತಂದ ಸೇರು ಬೆಲ್ಲ ಐತಿ ಇದು. ಇನ್ನೂ ಮುಟ್ಟಿಲ್ಲ. ತೂಗಿ ತೋರಸ್ರಿ, ಆಮ್ಯಾಲ ಓಟಿನ ಮಾತು."

ಊರು ಸುತ್ತುಗಟ್ಟಿತು. ಆದೆಪ್ಪ ನಗುನಗುತ್ತಲೇ ಸೇರಿನ ಕಲ್ಲು ಎತ್ತಿದ. ಎತ್ತಿದೊಡನೆ ನಗು ಹಾರಿಹೋಯಿತು. ಅಂಗಡಿಯಲ್ಲಿ ಸೇರಿನ ಕಲ್ಲು ಎರಡಿದ್ದವು: ಮಾರಲು ಹಗುರದ್ದು, ರೈತರಿಂದ ಕೊಳ್ಳಲು ಭಾರದ್ದು. ಬಂದಿದ್ದು ಭಾರದ್ದು.

"ಇದನ್ನ ಯಾಕ ತಂದಿ?" ಎಂದು ಹೆಂಡತಿಯ ಕಿವಿಯಲ್ಲಿ ಹಲ್ಲು ಕಡಿದ.

"ಅದು ಕರ್ರಗಿತ್ರಿ. ಇದು ಚೆಂದ ಹೊಳೀತಿತ್ತು. ನಾಕು ಮಂದಿ ಮುಂದ ಇಡೋದಲ್ಲೇನ್ರಿ?"

ಬೆಲ್ಲದ ತಟ್ಟೆ ಮೇಲಕ್ಕೆದ್ದು ನಿಂತಿತು. ಓಟಿನ ಜೊತೆ ಮಾನವೂ ಹೋಯಿತೆಂದುಕೊಂಡ ಆದೆಪ್ಪ. ಬೇರೇನೂ ತೋಚದೆ ಪೆಂಟಿ ಒಡೆದು, ತಟ್ಟೆ ಸಮವಾಗುವ ತನಕ ಹಾಕಿದ.

"ಕಮ್ಮಿ ಬಿದ್ರ ತುಂಬಿ ಕೊಡ್ತೀನ್ರವ್ವ! ಆದೆಪ್ಪನ ಮಾತು ಇದು!"

ಆ ಮಾತು ಆಡಬಾರದಿತ್ತು. ಭೀಮಯ್ಯ ಹುಣಸೆಹಣ್ಣು ತಂದ, ಕಾಳಪ್ಪ ಒಣ ಮೆಣಸಿನಕಾಯಿ ತಂದ, ಎಲ್ಲವೂ ಅವನ ಅಂಗಡಿಯ ಸರಕೇ. ಎಲ್ಲರ ಕೊರತೆಯನ್ನೂ ಬೆಲ್ಲದಲ್ಲೇ ತುಂಬಿ ತುಂಬಿ ಸಂಜೆಗೆ ಬಂಡಿ ಬರಿದಾಯಿತು. ಆದರೆ ಊರೇ ಕೈಮುಗಿದು ಬೀಳ್ಕೊಟ್ಟಿತು. ಇಪ್ಪತ್ತು ವರ್ಷದ ವ್ಯಾಪಾರದಲ್ಲಿ ಅವನಿಗೆ ಯಾರೂ ಕೈಮುಗಿದಿರಲಿಲ್ಲ. ಪಾಪ, ಅವನ ಕಣ್ಣು ನಿಜವಾಗಿಯೂ ತುಂಬಿ ಬಂತು.

"ನಾರ್ವದ ಪೆಟ್ಟಿಗಿ ನಂದಽಽ" ಎಂದ ದಾರಿಯುದ್ದಕ್ಕೂ.

ಎಣಿಕೆಯಾದಾಗ ನಾರ್ವದ ತಕ್ಕಡಿ ಪೆಟ್ಟಿಗೆಯಲ್ಲಿ ಒಂದು ಚೀಟಿಯೂ ಇರಲಿಲ್ಲ.

ಮುಂದಿನ ಸಂತೆಗೆ ಅಂಗಡಿಯ ಮುಂದೆ ಮೊದಲು ನಿಂತವಳು ಕಿಷ್ಟಮ್ಮ. ಆದೆಪ್ಪ ತಡೆಯಲಾರದೆ ಕೇಳಿದ: "ಒಂದಾದ್ರೂ ಓಟು ಹಾಕಬಾರದಿತ್ತೇನವ್ವ?"

"ಎಂಥಾ ಮಾತ್ರಿ ಸಾವ್ಕಾರ್ರ! ನಿಮ್ಮಂಥ ಧರ್ಮವಂತರನ್ನ ಹೈದರಾಬಾದಿಗೆ ಕಳಿಸಿದ್ರ ನಮಗ ತೂಗಿ ಕೊಡೋರು ಯಾರ್ರಿ? ಊರ ಮಂದಿ ಕೂಡಿ ಮಾತಾಡಿ ನಿಮ್ಮನ್ನ ಇಲ್ಲೇ ಉಳಿಸ್ಕೊಂಡೀವಿ."

ಅವಳ ಹಿಂದೆ ನಾರ್ವಕ್ಕೆ ನಾರ್ವವೇ ಸಾಲುಗಟ್ಟಿತ್ತು.

"ಸೇರು ಬೆಲ್ಲ ತೂಗ್ರಿ" ಎಂದಳು ಕಿಷ್ಟಮ್ಮ. "ಅದಽಽ ಹೊಳಿಯೋ ಕಲ್ಲು ಇಟ್ಟು."