ಗುಡ್ಡದ ಮೇಲೆ ಒಬ್ಬನೇ

ಹೆಂಡತಿ: ಇವನಿಗೆ ಎಷ್ಟು ಕೈ ರೀ?

ಲೇಖಕ: ಯಾರಿಗೆ?

ಹೆಂಡತಿ: ಎಪ್ಪತ್ತಮೂರನೇ ಪುಟದ ಮಹಾಶಯನಿಗೆ. 'ಆ ಮಹಾವಿಜ್ಞಾನಿ ಒಬ್ಬನೇ ಗುಡ್ಡ ಹತ್ತಿ, ಗಾಜಿನ ನಳಿಗೆಗೆ ಪಾದರಸ ತುಂಬಿ, ಬೋಗುಣಿಯಲ್ಲಿ ತಲೆಕೆಳಗಾಗಿ ನಿಲ್ಲಿಸಿ, ಬೀಸುವ ಗಾಳಿಯಲ್ಲೇ ವಾಯುಭಾರ ಅಳೆದು ಬರೆದುಕೊಂಡ.' ನಳಿಗೆಗೊಂದು ಕೈ, ಬೋಗುಣಿಗೊಂದು, ಅಳತೆಕೋಲಿಗೊಂದು, ಪೆನ್ನಿಗೊಂದು, ಪುಸ್ತಕಕ್ಕೊಂದು. ಐದಾಯ್ತು. ಟೋಪಿ ಹಾರದ ಹಾಗೆ ಹಿಡ್ಕೊಳ್ಳೋಕೆ ಆರನೇದೂ ಬೇಕು.

ಲೇಖಕ: ಅಕ್ಷರ ತಪ್ಪು ನೋಡು ಅಂತ ನಿನಗೆ ಕೊಟ್ಟಿದ್ದು. ವಿಜ್ಞಾನಿಯ ಕೈಕಾಲು ಎಣಿಸು ಅಂತಲ್ಲ.

ಅವಳು 'ಒಬ್ಬನೇ' ಎಂಬ ಪದದ ಸುತ್ತ ಕೆಂಪು ಪೆನ್ನಿನಿಂದ ಇನ್ನೊಂದು ಸುತ್ತು ಎಳೆದಳು. ಇದು ಗಂಡನ ಹದಿನೈದನೇ ಪುಸ್ತಕ. ವಿಜ್ಞಾನದ ಚರಿತ್ರೆಯನ್ನು ಜನ ಬಸ್ಸಿನಲ್ಲಿ ಕೂತು ಓದುವ ಹಾಗೆ ಬರೆಯುತ್ತಾನೆಂದು ಹೆಸರಾದವನು. ಹದಿನೈದೂ ಪುಸ್ತಕಗಳ ಕರಡು ತಿದ್ದಿದವಳು ಅವಳು. ಅದರ ನಡುವೆಯೇ ಕಾಲೇಜಿನ ಭೌತವಿಜ್ಞಾನದ ಲ್ಯಾಬಿನಲ್ಲಿ ಮೂವತ್ತು ವರ್ಷ ಅಟೆಂಡರ್ ಆಗಿ ಗಾಜು ತೊಳೆದು, ಪಾದರಸ ಸೋಸಿ, ಮೇಷ್ಟ್ರುಗಳು ಒಡೆದದ್ದನ್ನು ಗುಡಿಸಿ ನಿವೃತ್ತಳಾದವಳು. ಹನ್ನೊಂದಕ್ಕೆ ಪ್ರಕಾಶಕನ ಫೋನು ಬರಬೇಕು. ಕೊನೆಯ ತಿದ್ದುಪಡಿ ಹೇಳಿಬಿಟ್ಟರೆ ಮುದ್ರಣ ಶುರು. ಗಡಿಯಾರ ಹತ್ತೂವರೆ ತೋರಿಸುತ್ತಿತ್ತು.

ಹೆಂಡತಿ: ಪಾದರಸ ಎತ್ತಿದ್ದೀರಾ ಯಾವತ್ತಾದ್ರೂ? ಅಂಗೈಯಗಲದ ಬಾಟ್ಲಿ ಅಂತ ಒಂದೇ ಕೈಯಲ್ಲಿ ಎತ್ತೋಕೆ ಹೋದ ಹೊಸ ಮೇಷ್ಟ್ರು ವಾರಗಟ್ಟಲೆ ಸೊಂಟ ಹಿಡ್ಕೊಂಡು ಪಾಠ ಮಾಡಿದ್ರು.

ಲೇಖಕ: ಜನಕ್ಕೆ ಕತೆ ಬೇಕು ಕಣೇ. ಒಬ್ಬ ಮನುಷ್ಯ, ಒಂದು ಗುಡ್ಡ, ಒಂದು ಸತ್ಯ. ಹಿಂದೆ ನಾಲ್ಕು ಜನ ಮೂಟೆ ಹೊತ್ಕೊಂಡು ಏದುಸಿರು ಬಿಡ್ತಾ ಬಂದ್ರು ಅಂದ್ರೆ ಅದು ಸತ್ಯಶೋಧನೆ ಅಲ್ಲ, ಮನೆ ಬದಲಾಯಿಸೋದು.

ಹೆಂಡತಿ: ನಾಲ್ಕು ಜನ ಇದ್ರಾ ಹಾಗಾದ್ರೆ?

ಲೇಖಕ: ನಾನೆಲ್ಲಿ ಹಾಗಂದೆ? ಅವನ ಪತ್ರದಲ್ಲಿ 'ನಾವು' ಅಂತಿದೆ, ಅಷ್ಟೇ. ದೊಡ್ಡವರು ತಮ್ಮನ್ನ ತಾವು ಹಾಗೇ ಕರ್ಕೊಳ್ಳೋದು.

ಹೆಂಡತಿ: ಬೇರೆ ಏನಿದೆ ಪತ್ರದಲ್ಲಿ?

ಲೇಖಕ ಕನ್ನಡಕ ಒರೆಸಿದ. ಒರೆಸಿದ ಗಾಜನ್ನೇ ಮತ್ತೆ ಒರೆಸಿದ.

ಲೇಖಕ: 'ಇಳಿಯುವಾಗ ನಮ್ಮಲ್ಲಿ ಇಬ್ಬರ ಕಾಲು ಉಳುಕಿತು' ಅಂತಿದೆ.

ಹೆಂಡತಿ: ಅದನ್ನ ನೀವು ಏನಂತ ತಿಳ್ಕೊಂಡ್ರಿ?

ಲೇಖಕ: ಅವನ ಎರಡೂ ಕಾಲು ಉಳುಕಿತು ಅಂತ.

ಹೆಂಡತಿ: ಎಂಥಾ ಸಂಶೋಧನೆ! ಎರಡೂ ಕಾಲು ಉಳುಕಿದವನು ಗುಡ್ಡ ಹೇಗೆ ಇಳಿದ? ಉರುಳಿಕೊಂಡಾ?

ಲೇಖಕ: ನೋಡು, ಈ ಒಂದು 'ಒಬ್ಬನೇ' ತೆಗೆದ್ರೆ ಉಳಿದ ಹದಿನಾಲ್ಕು ಪುಸ್ತಕದಲ್ಲೂ ತೆಗೀಬೇಕಾಗುತ್ತೆ. ನನ್ನ ಮೊದಲನೇ ಪುಸ್ತಕ ಶುರುವಾಗೋದೇ ಆ ಪದದಿಂದ. ಇಷ್ಟು ವರ್ಷದ ಹೆಸರು ಕಣೇ ಅದು.

ಹೆಂಡತಿ: ಗೊತ್ತು. ಕೊನೆಯಾಗೋದೂ ಅದರಿಂದಲೇ. ಹಿಂದಿನ ಪುಸ್ತಕದ ಕೊನೇ ಪುಟದಲ್ಲಿ ಗ್ರಂಥಾಲಯಕ್ಕೆ, ಕಿಟಕಿಯಾಚೆ ಮರಕ್ಕೆ, ಬೆಕ್ಕಿಗೆ ಋಣಿ ಅಂದ್ರಿ. ಈ ಸಲ ಅರ್ಪಣೆ 'ನನ್ನ ಏಕಾಂತಕ್ಕೆ'. ಆ ಏಕಾಂತ ಕೆಡದ ಹಾಗೆ ಬಂದವರನ್ನೆಲ್ಲ ಮೆಟ್ಟಿಲ ಮೇಲೇ ಮಾತಾಡಿಸಿ ಕಳಿಸಿದ್ದು ಯಾರು, ಬೆಕ್ಕಾ?

ಲೇಖಕ: ಮಾತು ಎಲ್ಲಿಂದ ಎಲ್ಲಿಗೋ ಎಳೀಬೇಡ. ಪ್ರಶ್ನೆ ಏನು, ಒಬ್ಬನಿಂದ ಆಗುತ್ತಾ ಇಲ್ವಾ. ಆಗುತ್ತೆ. ಈಗಲೇ ಮಾಡಿ ತೋರಿಸ್ತೀನಿ.

ಲ್ಯಾಬಿನವರು ನೆನಪಿಗೆಂದು ಅವಳಿಗೆ ಕೊಟ್ಟಿದ್ದ, ಒಂದು ತುದಿ ಮುಚ್ಚಿದ ಉದ್ದನೆಯ ಗಾಜಿನ ನಳಿಗೆ ಕಪಾಟಿನ ಮೇಲಿಂದ ಇಳಿಯಿತು. ಪಾದರಸ ವಿಷ, ಅದಕ್ಕೆ ಬದಲು ನೀಲಿ ಇಂಕು ಬೆರೆಸಿದ ನೀರು. ಮೇಜು ಬೇಡವೆಂದಳು ಅವಳು. ಗುಡ್ಡದ ಮೇಲೆ ಯಾರೂ ಮೇಜು ಹಾಕಿರಲಿಲ್ಲವಲ್ಲ. ಒಂದು ಕಾಲು ಮೋಟಾದ ಸ್ಟೂಲನ್ನು ತಂದು ನೆಲದ ಮೇಲಿದ್ದ ಕರಡಿನ ಕಟ್ಟಿನ ಪಕ್ಕದಲ್ಲೇ ಇಟ್ಟು, ತಾನು ಕೈಕಟ್ಟಿ ಕೂತಳು.

ಹೆದರಿ ಹೆದರಿಯಾದರೂ ಅವನು ನೀರು ತುಂಬಿದ ನಳಿಗೆಯ ಬಾಯಿಗೆ ಹೆಬ್ಬೆರಳು ಒತ್ತಿ, ತಿರುಗಿಸಿ, ಸ್ಟೂಲಿನ ಮೇಲಿನ ಬೋಗುಣಿಯಲ್ಲಿ ಊರಿದ. ಬೆರಳು ತೆಗೆದ. ನೀರು ಇಳಿಯಲಿಲ್ಲ. ಒಂದು ಕ್ಷಣ ಮಹಾವಿಜ್ಞಾನಿಯ ಕಳೆಯೇ ಬಂದಿತ್ತು. ಅಷ್ಟರಲ್ಲಿ ಸ್ಟೂಲು ಒಂದು ಕಡೆ ವಾಲಿತು. ಒಂದು ಕೈ ನಳಿಗೆಗೆ, ಇನ್ನೊಂದು ಕೈ ಜಾರುವ ಬೋಗುಣಿಗೆ, ಮೊಣಕಾಲು ಸ್ಟೂಲಿಗೆ. ಕೈಬಿಟ್ಟರೆ ನೀಲಿ ನೀರೆಲ್ಲ ಕರಡಿನ ಪಾಲು.

ಹೆಂಡತಿ: ಅಳೀರಿ. ಬರ್ಕೊಳ್ಳಿ.

ಲೇಖಕ: ಒಂದು ನಿಮಿಷ.

ಫೋನು ಬಡಿದುಕೊಂಡಿತು.

ಲೇಖಕ: ಫೋನು.

ಹೆಂಡತಿ: ಕೇಳಿಸ್ತಿದೆ.

ಲೇಖಕ: ತಗೋ ಅಂದ್ರೆ.

ಹೆಂಡತಿ: ಯಾರಿಗೆ ಹೇಳ್ತಿದ್ದೀರಿ? ಗುಡ್ಡದ ಮೇಲೆ ನೀವು ಒಬ್ಬರೇ ಅಲ್ವಾ.

ಆರನೇ ಸಲ ಬಡಿದುಕೊಂಡಾಗ ಅವಳು ಎದ್ದು ಫೋನಿನ ಸ್ಪೀಕರ್ ಹಾಕಿದಳು.

ಪ್ರಕಾಶಕ: ಸರ್, ತಿದ್ದುಪಡಿ ಏನಾದ್ರೂ ಇದೆಯಾ? ಇಲ್ಲಾಂದ್ರೆ ಮುದ್ರಣಕ್ಕೆ ಬಿಡ್ತೀನಿ.

ಹೆಂಡತಿ: ಸರ್ ಗುಡ್ಡದ ಮೇಲಿದ್ದಾರೆ.

ಪ್ರಕಾಶಕ: ಯಾವ ಗುಡ್ಡ?

ಹೆಂಡತಿ: ಎಪ್ಪತ್ತಮೂರನೇ ಪುಟದ್ದು.

ನಳಿಗೆ ಗಡಗಡ ಅಲುಗಿತು. ನೀಲಿ ನೀರು ಅವನ ಅಂಗಿಯ ತೋಳಿನೊಳಗೆ ಇಳಿಯತೊಡಗಿತು.

ಲೇಖಕ: ಬೋಗುಣಿ ಹಿಡ್ಕೋ ತಾಯಿ, ದಮ್ಮಯ್ಯ.

ಹೆಂಡತಿ: ಮೊದಲು ತಿದ್ದುಪಡಿ.

ಲೇಖಕ: ಬರ್ಕೊಳ್ಳಿ ಇವರೇ. ಎಪ್ಪತ್ತಮೂರನೇ ಪುಟ. 'ಒಬ್ಬನೇ' ತೆಗೀರಿ. 'ಜೊತೆಗಾರರೊಡನೆ' ಅಂತ ಹಾಕಿ.

ಹೆಂಡತಿ: ಅವರ ಹೆಸರು?

ಲೇಖಕ: ಯಾರೂ ಬರೆದಿಟ್ಟಿಲ್ಲ.

ಹೆಂಡತಿ: ಅದನ್ನೇ ಬರೀರಿ.

ಲೇಖಕ: 'ಅವರ ಹೆಸರನ್ನು ಯಾರೂ ಬರೆದಿಡಲಿಲ್ಲ.' ಸೇರಿಸಿ.

ಅವಳು ಬಂದು ಬೋಗುಣಿಗೆ ಕೈ ಕೊಟ್ಟಳು. ಮೂವತ್ತು ವರ್ಷ ಹಿಡಿದ ಕೈ. ಬೋಗುಣಿ ತೆಪ್ಪಗೆ ನಿಂತಿತು.

ಪ್ರಕಾಶಕ: ಇಷ್ಟು ವರ್ಷದಲ್ಲಿ ಕೊನೇ ಗಳಿಗೇಲಿ ಒಂದು ಪದಾನೂ ಬದಲಾಯಿಸಿದವರಲ್ಲ ನೀವು. ಯಾರು ಸರ್ ಹಿಡಿದಿದ್ದು ಈ ತಪ್ಪು?

ಲೇಖಕ ಬೋಗುಣಿಯಡಿಯ ಬೆರಳುಗಳನ್ನು ನೋಡಿದ. ತೋರುಬೆರಳಲ್ಲಿ ಕೆಂಪು ಇಂಕಿನ ಕಲೆ ಇತ್ತು. ಅದು ಇವತ್ತಿನದಲ್ಲ.

ಲೇಖಕ: ನನ್ನ ಹೆಂಡತಿ. ಹದಿನೈದು ಪುಸ್ತಕದ ಕರಡೂ ಅವಳೇ ತಿದ್ದಿದ್ದು. ಮೊದಲ ಪುಟದ 'ಏಕಾಂತಕ್ಕೆ' ಕೂಡ ತೆಗೀರಿ. ಅಲ್ಲಿ ಅವಳ ಹೆಸರು ಹಾಕಿ.

ಪ್ರಕಾಶಕ: ನಿಮಗೆ ಹೆಂಡತಿ ಇದ್ದಾರಾ ಸರ್? ಫೋನ್ ತಗೊಳ್ಳೋರು ಯಾರೋ ಕೆಲಸಕ್ಕಿರೋರು ಅಂದ್ಕೊಂಡಿದ್ದೆ.

ಹೆಂಡತಿ: ಇದ್ದಾಳಪ್ಪ. ಈಗಷ್ಟೇ ಕಂಡುಹಿಡಿದ್ರು. ಒಬ್ಬರೇ.