ಬಿರಡೆ ನಮ್ಮಲ್ಲಿ, ಧ್ವನಿ ಕಾಫಿ ಕ್ಲಬ್ಬಿನಲ್ಲಿ

ನಮ್ಮ ಮಹಿಳಾ ಸಮಾಜದ ರೇಡಿಯೊವನ್ನು ಬಿಚ್ಚಿದವರು ಗಂಡಸರು. ಅದರ ಫಲ ಉಂಡವಳು ಏಳು ತಿಂಗಳ ಬಸುರಿ ಪುಟ್ಟಮ್ಮ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಏಕೆಂದರೆ ಊರಿನಲ್ಲಿ ಎಲ್ಲರೂ ಈ ಕಥೆಯನ್ನು ಬಸಪ್ಪನ ಕೈಚಳಕದಿಂದ ಆರಂಭಿಸುತ್ತಾರೆ. ಪುಟ್ಟಮ್ಮನ ಕಾಲಿನವರೆಗೆ ಬರುವುದೇ ಇಲ್ಲ.

ಬಸಪ್ಪನ ಕೈಚಳಕವನ್ನು ನಾನು ಅಲ್ಲಗಳೆಯುವುದಿಲ್ಲ. ಶಿರಂಗಾಲದ ಬಳಿಯ ನಮ್ಮ ಹಳ್ಳಿಯಲ್ಲಿ ಸ್ಕ್ರೂ ಕಂಡರೆ ತಿರುಗಿಸದೆ ಇರಲಾರದ ಮನುಷ್ಯ ಆತನೊಬ್ಬನೇ, ಒಬ್ಬನೇ ಸಾಕು. ತನ್ನ ತಾಯಿಯ ಟಾರ್ಚನ್ನು ಬಿಚ್ಚಿ ತನ್ನ ಸೈಕಲ್ಲಿಗೆ ದೀಪ ಮಾಡಿಕೊಂಡ. ಆಕೆ ಈಗ ಚಿಮಣಿ ಹಿಡಿದು ಹಿತ್ತಿಲಿಗೆ ಹೋಗುತ್ತಾಳೆ. ನನ್ನ ಅಲಾರಂ ಗಡಿಯಾರವನ್ನು ಆತ ಸುಧಾರಿಸಿದ ಮೇಲೆ, ಅಂಗಾತ ಮಲಗಿಸಿದರೆ ಮಾತ್ರ ಅದು ಬಾರಿಸುತ್ತದೆ. ಇಂಥ ಸುಧಾರಣೆಗಳಲ್ಲೆಲ್ಲ ನಾನೊಂದು ನಿಯಮ ಕಂಡಿದ್ದೇನೆ: ಬಿಚ್ಚಿಸಿಕೊಳ್ಳುವ ವಸ್ತು ಹೆಂಗಸಿನದು, ಜೋಡಿಸಿದ ಮೇಲಿನ ಅನುಕೂಲ ಗಂಡಸಿನದು.

ರೇಡಿಯೊ ಬಂದದ್ದು ಮಡಿಕೇರಿಯ ನಮ್ಮ ಕೊಡಗು ಸರ್ಕಾರದಿಂದ, ಹೆಂಗಸರ ತಿಳಿವಳಿಕೆಗೆಂದು. ಕರೆಂಟಿಲ್ಲದ ಊರಾದ್ದರಿಂದ ಬ್ಯಾಟರಿಯ ಸೆಟ್ಟು. ಸಮಾಜದ ಎದುರಿಗೇ ಮಾದಪ್ಪನ ಕಾಫಿ ಕ್ಲಬ್ಬು. ಮಾದಪ್ಪ ಪಂಚಾಯ್ತಿಯ ಮೆಂಬರು ಕೂಡ. ಶಾಲೆಯ ಜೊತೆಗೆ ಸಮಾಜವನ್ನೂ ನಡೆಸುವ ನಾನು ಸಭೆಗೆಂದು ಊರಲ್ಲಿಲ್ಲದಾಗ ಮಾದಪ್ಪನ ಅಪ್ಪಣೆ ಪಡೆದು, ಬಸಪ್ಪ ಪೆಟ್ಟಿಗೆಯೊಳಗಿನ ಸ್ಪೀಕರನ್ನು ಕಿತ್ತು, ನಮ್ಮ ಗೋಡೆಗೆ ತೂತು ಕೊರೆದು, ರಸ್ತೆಯ ಮೇಲೆ ತಂತಿ ಎಳೆದು, ಅದನ್ನು ಕ್ಲಬ್ಬಿನೊಳಗೆ ತೂಗುಹಾಕಿದ್ದ.

"ಪೆಟ್ಟಿಗೆ ನಿಮ್ ತಾವೇ ಐತಲ್ಲ ಟೀಚರಮ್ಮ, ನಾವೇನು ಕದ್ದಿದೀವಾ?" ಎಂದರು ಮಾದಪ್ಪ.

ಹೆಂಗಸರು ಕ್ಲಬ್ಬಿನ ಮೆಟ್ಟಿಲು ಹತ್ತಬಾರದೆಂಬ ನಿಯಮವನ್ನು ಮಾಡಿದವರೂ ಇವರೇ.

ಆದರೆ ಧ್ವನಿ ಹೊತ್ತೊಯ್ದವರು ಸ್ಟೇಷನ್ನು ಬದಲಿಸುವ ಬಿರಡೆಯನ್ನು ನಮ್ಮ ಪೆಟ್ಟಿಗೆಯಲ್ಲೇ ಮರೆತಿದ್ದರು. ಬುಧವಾರ ಸಂಜೆ ಹೆಂಗಸರ ಕಾರ್ಯಕ್ರಮದಲ್ಲಿ ಲೇಡಿ ಡಾಕ್ಟರೊಬ್ಬರು ಬಸುರಿಯರ ಕಾಲೂತದ ಬಗ್ಗೆ ಮಾತಾಡುವುದಿತ್ತು. ಕಾಲೂದಿಸಿಕೊಂಡು ಚಾಪೆಯ ಮೇಲೆ ಕುಳಿತ ಪುಟ್ಟಮ್ಮ ವಾರದಿಂದ ಅದಕ್ಕೇ ಕಾದಿದ್ದಳು. ಮೂಕ ಪೆಟ್ಟಿಗೆಯ ಮುಂದೆ ನಾವು ಸಾಲಾಗಿ ಕುಳಿತು, ಬಿರಡೆಯನ್ನು ಆ ಕಾರ್ಯಕ್ರಮಕ್ಕೇ ತಿರುಗಿಸಿದೆವು. ಕೇಳಿಸಲಿ ಬಿಡಲಿ, ಹಕ್ಕು ಹಕ್ಕೇ. ಮಾದಪ್ಪ ಹೆಗಲ ಮೇಲಿನ ಟವೆಲು ಬೀಸುತ್ತ ರಸ್ತೆ ದಾಟಿ ಬಂದರು.

"ಏನ್ರಮ್ಮ ಇದು! ಗಿರಾಕಿಗಳು ವಡೆ ಬಿಟ್ಟು ಏಳ್ತಾವ್ರೆ. ಆ ಬಸುರಿ ಬಾಣಂತಿ ಮಾತು ಅತ್ಲಾಗೆ ತಿರುಗ್ಸಿ!"

"ಬಿರಡೆ ನಮ್ಮದು. ನಿಮಗೆ ಬೇಡದಿದ್ದರೆ ಕಿವಿ ಮುಚ್ಚಿಕೊಳ್ಳಿ," ಎಂದೆ.

ಆ ಗಳಿಗೆ ನನಗೆ ಬಹಳ ಹಿತವಾಯಿತು. ಪುಟ್ಟಮ್ಮನಿಗೆ ಅದರಿಂದ ಏನೂ ಸಿಗಲಿಲ್ಲ. ಕ್ಲಬ್ಬಿನಿಂದ ಬಂದ ಗಂಡನನ್ನು ಅವಳು ಸಮಾಜದ ಬಾಗಿಲಲ್ಲೇ ತಡೆದು ಕೇಳಿದಳು: "ಕಾಲು ಊದಿದ್ರೆ ಏನ್ ಮಾಡ್ಬೇಕಂತೆ?"

"ಏನೋ ಮಾಡ್ಲೇಬೇಕಂತೆ ಕಣೇ. ತಡ ಮಾಡಂಗೇ ಇಲ್ವಂತೆ. ಏನು ಅಂತ ಹೇಳೋ ಹೊತ್ಗೆ ನನ್ ದೋಸೆ ಬಂತು."

ಮರುದಿನವೇ ಅವಳನ್ನು ಬಸ್ಸಿನಲ್ಲಿ ಕುಶಾಲನಗರಕ್ಕೆ ಕರೆದೊಯ್ದೆ. ಡಾಕ್ಟರು ಕಾಲನ್ನು ಬೆರಳಿನಿಂದ ಒತ್ತಿ ನೋಡಿ, ಉಪ್ಪು ಬಿಡಿಸಿ, ಮಲಗಿಯೇ ಇರಬೇಕೆಂದು ಕಟ್ಟಪ್ಪಣೆ ಮಾಡಿದರು. "ಇನ್ನೂ ತಡ ಮಾಡಿದ್ದರೆ ಎರಡು ಜೀವಕ್ಕೂ ಕಷ್ಟವಿತ್ತು," ಎಂದು ಗದರಿದ್ದು ನನ್ನನ್ನು. ಸ್ಪೀಕರು ಕಿತ್ತವನನ್ನಾಗಲಿ, ದೋಸೆ ತಿಂದವನನ್ನಾಗಲಿ ಯಾರೂ ಗದರಲಿಲ್ಲ.

ಬಸ್ಸಿಳಿದವಳೇ ನೇರವಾಗಿ ಸಮಾಜಕ್ಕೆ ಹೋಗಿ ಪೆಟ್ಟಿಗೆಯ ಬೆನ್ನು ಬಿಚ್ಚಿದೆ. ಒಳಗಿದ್ದ ನಾಲ್ಕು ವಾಲ್ವುಗಳನ್ನೂ, ಸೆಟ್ಟಿಗೆ ಜೀವ ಕೊಡುವ ಆ ಗಾಜಿನ ಬುರುಡೆಗಳನ್ನು, ಕಿತ್ತು ಸೆರಗಿನಲ್ಲಿ ಕಟ್ಟಿಕೊಂಡೆ. ಎದುರಿನ ಕ್ಲಬ್ಬು ವಾರ್ತೆಯ ನಡುವೆಯೇ ಬಾಯಿ ಮುಚ್ಚಿತು. ಬಸಪ್ಪ ಕಿಟಕಿಯಲ್ಲಿ ಇಣುಕಿ, ಬಹಳ ಮರ್ಯಾದೆಯಿಂದ ಕೇಳಿದ:

"ಯಾವ್ದು ಯಾವ ಗುಳೀದು ಅಂತ ಗುರ್ತು ಮಾಡ್ಕೊಂಡ್ರಾ ಟೀಚರಮ್ಮ?"

ನಾಲ್ಕೂ ಒಂದೇ ತಾಯಿಯ ಮಕ್ಕಳಂತಿದ್ದವು. ನಾನು ಕಿಟಕಿ ಹಾಕಿಕೊಂಡೆ.

ಬರುವ ಬುಧವಾರ ರೇಡಿಯೊದ ಅದೇ ಲೇಡಿ ಡಾಕ್ಟರು ಹೆರಿಗೆ ನೋವಿನ ಲಕ್ಷಣಗಳನ್ನು ಹೇಳಲಿದ್ದಾರೆ. ಪುಟ್ಟಮ್ಮ ಸಮಾಜದ ಚಾಪೆಯ ಮೇಲೆ ಮಲಗಿಯೇ ಅದನ್ನು ಕೇಳಬೇಕು. ಆದ್ದರಿಂದ ಮಾದಪ್ಪನವರೇ, ಇದನ್ನು ಸಮಾಜದ ನೋಟೀಸೆಂದೇ ತಿಳಿಯಿರಿ: ಅಂದು ಮಧ್ಯಾಹ್ನದೊಳಗೆ ಸ್ಪೀಕರು ಅದರ ಪೆಟ್ಟಿಗೆಗೆ ಮರಳತಕ್ಕದ್ದು. ಗೋಡೆಯ ತೂತು ಮುಚ್ಚತಕ್ಕದ್ದು. ಬಸಪ್ಪ, ಸ್ಕ್ರೂಡ್ರೈವರು ಹಿಡಿದು ನೀನೇ ಬರಬೇಕು. ವಾಲ್ವುಗಳು ಮೇಜಿನ ಮೇಲೆ ಬಟ್ಟಲಿನಲ್ಲಿರುತ್ತವೆ. ಅವನ್ನು ಅವುಗಳ ಗುಳಿಗಳಲ್ಲಿ ಕೂರಿಸಿ, ನನ್ನ ಕಡೆ ನೋಡದೆ, ನಗದೆ, ಹೊರಟುಹೋಗತಕ್ಕದ್ದು.