ಬೊಮ್ಮಯ್ಯನ ಮೇಲೆ ಇಂಗ್ಲಿಷ್ ಅರ್ಜಿ

ಎಮ್ಮೆ ಹಾಸಿನೊಳಗೆ ನುಗ್ಗಿದಾಗ ದೊಡ್ಡೀರಪ್ಪನ ಬಾಯಲ್ಲಿ ಬೇವಿನ ಕಡ್ಡಿಯಿತ್ತು. ಇಲ್ಲದಿದ್ದರೆ ಅವನ ಮೊದಲ ಬೈಗುಳ ನುಂಕೆಮಲೆಯವರೆಗೂ ಕೇಳಿಸುತ್ತಿತ್ತು. ಕಡ್ಡಿ ಉಗಿದು ಓಡಿಬರುವಷ್ಟರಲ್ಲಿ ಬೊಮ್ಮಯ್ಯನ ಎಮ್ಮೆ, ಮಗ್ಗಕ್ಕೇರಿಸುವ ಮುನ್ನ ಬೀದಿಯುದ್ದಕ್ಕೂ ಬಿಗಿದು ಕಟ್ಟಿದ್ದ ರೇಷ್ಮೆ ಎಳೆಗಳನ್ನೆಲ್ಲ ಕೊಂಬಿಗೆ ಸುತ್ತಿಕೊಂಡು ಮದುವಣಗಿತ್ತಿಯ ಹಾಗೆ ತಲೆ ತಗ್ಗಿಸಿ ನಿಂತಿತ್ತು.

ಬಿ.ಜಿ. ಕೆರೆಯ ಪಟೇಲರ ಮಗಳ ಧಾರೆ ಸೀರೆಯ ಹಾಸು ಅದು. ಎಂಟು ದಿನದ ಕೆಲಸ.

"ಲೇ ಬೊಮ್ಮ! ಬಾರಲೇ ಹೊರಗೆ!"

ಎದುರು ಮನೆಯ ಬೊಮ್ಮಯ್ಯ ಕಂಬಳಿ ಹೊದ್ದುಕೊಂಡೇ ಹೊಸ್ತಿಲಿಗೆ ಬಂದ. ಎಮ್ಮೆಯನ್ನು ನೋಡಿದ, ಎಳೆಗಳನ್ನು ನೋಡಿದ, ಆಕಳಿಸಿದ.

"ಎಮ್ಮೆಗೇನು ಗೊತ್ತಾಗ್ತೈತೆ ದೊಡ್ಡೀರಪ್ಪ, ರೇಷ್ಮೆ ಯಾವ್ದು ಹಗ್ಗ ಯಾವ್ದು ಅಂತ? ಬೀದಿ ಅಂದ್ರೆ ನಡೆಯಾಕೆ ಇರೋದು. ನೀನು ಬೆಳಿಗ್ಗೆ ಎದ್ದು ಈ ತುದಿಯಿಂದ ಆ ತುದೀವರೆಗೂ ನೂಲು ಕಟ್ಟಿದ್ರೆ ಅದು ಹಾರ್ಕೊಂಡು ಹೋಗ್ಬೇಕಾ?"

ದೊಡ್ಡೀರಪ್ಪನ ಕಿವಿ ಕೆಂಪಾಯಿತು. ಅವನಿಗೆ ಸಿಟ್ಟು ಬಂದರೆ ಮೊದಲು ಕಿವಿ, ಆಮೇಲೆ ಮೂಗು, ಕೊನೆಗೆ ನಾಲಗೆ ಬಿಸಿಯಾಗುತ್ತಿತ್ತು. ಹೆಂಡತಿ ಈಶ್ವರಮ್ಮ "ಊರ್ಕೋವಯ್ಯಾ, ಊರ್ಕೋ" ಎಂದು ಮನೆಮಾತಾದ ತೆಲುಗಿನಲ್ಲಿ ಸಮಾಧಾನ ಹೇಳುತ್ತ ತೋಳು ಹಿಡಿದಳು. ಅವನು ಕೊಡವಿಕೊಂಡ.

"ಇವತ್ತು ದೊರೆ ಊರಾಗವ್ನೆ. ಅರ್ಜಿ ಕೊಡ್ತೀನಿ. ಇಂಗ್ಲಿಷ್‌ನಾಗೇ ಕೊಡ್ತೀನಿ!"

ಆ ವರ್ಷ, ಅಂದರೆ ಸಾವಿರದ ಒಂಬೈನೂರ ಏಳರಲ್ಲಿ, ಕಂದಾಯದ ಲೆಕ್ಕ ನೋಡುವ ಜಮಾಬಂದಿಗೆ ಬಂದಿದ್ದ ಬಿಳಿ ದೊರೆ ಪ್ರವಾಸಿ ಬಂಗಲೆಯಲ್ಲಿ ಇಳಿದಿದ್ದ. ಮಧ್ಯಾಹ್ನದ ಮೇಲೆ ಚಳ್ಳಕೆರೆಗೆ ಹೊರಡುವವನು. ಕನ್ನಡದ ಅರ್ಜಿಗಳು ಶಿರಸ್ತೇದಾರರ ಗಂಟು ಸೇರಿ ವರ್ಷಗಟ್ಟಲೆ ನಿದ್ದೆ ಹೊಡೆಯುತ್ತಿದ್ದವು. ಇಂಗ್ಲಿಷ್ ಅರ್ಜಿಗಳನ್ನು ಮಾತ್ರ ದೊರೆ ತಾನೇ ಓದಿ, ನಿಂತ ಕಾಲಲ್ಲೇ ತನ್ನ ಕೈಯಾರೆ ಹುಕುಂ ಬರೆದುಕೊಡುತ್ತಿದ್ದ.

ಊರಿನಲ್ಲಿ ಕಾಸಿಗೆ ಇಂಗ್ಲಿಷ್ ಅರ್ಜಿ ಬರೆದುಕೊಡುವವನು ಕೊಟ್ಟೂರಪ್ಪ ಒಬ್ಬನೇ. ಕಚೇರಿ ಮುಂದಿನ ಹುಣಸೆಮರದ ಕೆಳಗೆ ಪೆಟ್ಟಿಗೆ ಇಟ್ಟುಕೊಂಡು ಕೂತಿದ್ದ ಅವನ ಮುಂದೆ ದೊಡ್ಡೀರಪ್ಪ ಉಸಿರು ಬಿಡುತ್ತ ಕುಕ್ಕರಿಸಿದ.

"ಕೊಟ್ಟೂರಪ್ಪನೋರೆ, ಬೊಮ್ಮಯ್ಯನ ಮೇಲೆ ಅರ್ಜಿ ಬರೀರಿ. ಅವನ ಎಮ್ಮೆಗೆ ಬೀದೀಲಿ ಜಾಗ ಇಲ್ಲ ಅಂತ ಬರೀರಿ. ದಿನಾ ಬಂದು ನಮ್ಮನೆ ಮುಂದೆ ನಿಲ್ತೈತೆ ಅಂತ ಬರೀರಿ. ದೊರೆಗಳು ಹುಕುಂ ಮಾಡ್ಬೇಕು ಅಂತ ಬರೀರಿ."

"ಬೊಮ್ಮಯ್ಯನ ಮೇಲೆ..." ಕೊಟ್ಟೂರಪ್ಪ ಲೇಖನಿಯನ್ನು ಮಸಿಗೆ ಅದ್ದಿ ಆಕಾಶ ನೋಡಿದ. "ಮೇಲೆ ಅಂದ್ರೆ ಆನ್. ಆದ್ರೆ ಬರೀ ಆನ್ ಅಂತ ಹಾಕಿದ್ರೆ ರುಮಾಲಿಲ್ಲದ ತಲೆ ಇದ್ದಂಗೆ. ದೊಡ್ಡ ಕಚೇರಿ ಕಾಗದದಾಗೆಲ್ಲ 'ಆನ್ ಬಿಹಾಫ್ ಆಫ್' ಅಂತ ಇರ್ತೈತೆ. ಅದನ್ನೇ ಹಾಕ್ತೀನಿ."

"ಹಾಕ್ರಿ. ಇನ್ನೂ ಉದ್ದ ಇದ್ರೂ ಹಾಕ್ರಿ. ಬಡ್ಡಿಮಗ ನಡುಗ್ಬೇಕು!"

ಬಂಗಲೆಯಲ್ಲಿ ದೊರೆ ಅರ್ಜಿ ಓದಿದ. ಎರಡನೆಯ ಸಲವೂ ಓದಿದ. ಕುರ್ಚಿಯಿಂದ ಎದ್ದುಬಂದು ದೊಡ್ಡೀರಪ್ಪನ ಕೈ ಹಿಡಿದು ಕುಲುಕಿದ. ಸಾಲಿನಲ್ಲಿ ನಿಂತವರೆಲ್ಲ ಬಾಯಿ ಬಿಟ್ಟುಕೊಂಡು ನೋಡಿದರು.

"ನಿನ್ನಂಥ ಒಳ್ಳೆ ಮನುಷ್ಯ ಈ ಜಿಲ್ಲೆಯಲ್ಲೇ ಇಲ್ಲ ಅಂತಾರೆ ದೊರೆಗಳು" ಎಂದ ಜವಾನ, ಹುಕುಮಿನ ಕಾಗದವನ್ನು ಅವನ ಕೈಗಿಡುತ್ತ.

ದೊಡ್ಡೀರಪ್ಪ ಕಾಗದವನ್ನು ಬಾವುಟದಂತೆ ಮೇಲೆತ್ತಿ ಹಿಡಿದು ನೇಕಾರರ ಬೀದಿಗೆ ಬಂದ.

"ಬೊಮ್ಮ! ಬಂತಲೇ ನಿನ್ನ ಎಮ್ಮೆಗೆ ಗತಿ!"

ಬೀದಿಯೆಲ್ಲ ಕೂಡಿತು. ಮೇಷ್ಟ್ರು ಶಾಲೆಯಲ್ಲಿದ್ದರು; ಇಂಗ್ಲಿಷ್ ಓದುವವರು ಯಾರು? ನೂಲಿನ ವ್ಯಾಪಾರಿ ರಸೂಲ್ ಸಾಬ್ ಮುಂದೆ ಬಂದ. ಬಳ್ಳಾರಿ ದಂಡಿನ ಪಾಳ್ಯದಲ್ಲಿ ಮೂರು ವರ್ಷ ರೊಟ್ಟಿ ಮಾರಿ ಬಂದವನು; ಅಕ್ಷರಗಳ ಪರಿಚಯವಿತ್ತು. ಬೆರಳಿಟ್ಟು ಓದಿದ.

"ದೊಡ್ಡೀರಪ್ಪ... ಆನ್... ಬಿ... ಹಾಫ್... ಬೊಮ್ಮಯ್ಯ. ಅರೆ ಭಾಯಿ, ಹಾಫ್ ಅಂದ್ರೆ ಅರ್ಧ! ದಂಡಿನಾಗೆ ಹಾಫ್ ರೊಟ್ಟಿ ಅಂತ ದಿನಾ ಕೇಳ್ತಿದ್ರು. ಬೀದಿ ಅರ್ಧ ನಿಂದು, ಅರ್ಧ ಬೊಮ್ಮಯ್ಯಂದು. ಫೈಸಲಾ ಆಗೋಯ್ತು."

"ಅರ್ಧ!" ದೊಡ್ಡೀರಪ್ಪನ ಮೂಗು ಬಿಸಿಯಾಯಿತು. "ನನ್ನ ಹಾಸು ಪೂರ್ತಿ ಹಾಳಾಗೈತೆ, ನ್ಯಾಯ ಅರ್ಧನಾ?"

ಆದರೂ ಸಿಕ್ಕ ಅರ್ಧವನ್ನು ಬಿಡುವವನಲ್ಲ. ಒಳಗೆ ಹೋಗಿ ಈಶ್ವರಮ್ಮನ ರಂಗೋಲಿ ಡಬ್ಬಿ ತಂದು, ಹಗ್ಗ ಹಿಡಿಸಿ ಅಳೆದು, ಬೀದಿಯ ನಟ್ಟನಡುವೆ ಗೆರೆ ಎಳೆದ. ಗೆರೆ ಇನ್ನೂ ಮುಗಿದಿರಲಿಲ್ಲ, ಬೊಮ್ಮಯ್ಯ ಕಂಬಳಿ ಬಿಸಾಡಿ ನಿಂತ.

"ನನಗೂ ಕಾಲೈತೆ, ನನಗೂ ಬಂಗಲೆ ದಾರಿ ಗೊತ್ತೈತೆ!" ಎಂದು ಕಚೇರಿ ಕಡೆ ದಾಪುಗಾಲು ಹಾಕಿದ.

ಅವನ ಎಮ್ಮೆ ಬಂದು ಮುಂಗಾಲು ಈಚೆ, ಹಿಂಗಾಲು ಆಚೆ ಇಟ್ಟು ಗೆರೆಯ ಮೇಲೆಯೇ ನಿಂತಿತು. ದೊಡ್ಡೀರಪ್ಪ ಕೋಲೆತ್ತಿದ. ಬೊಮ್ಮಯ್ಯನ ಹೆಂಡತಿ ಪಾಲಮ್ಮ ಸೊಂಟದ ಮೇಲೆ ಕೈಯಿಟ್ಟಳು.

"ಹೊಡಿ ನೋಡಾಣ! ಏಟು ನಮ್ಮ ಕಡೇಕೆ ಬಿದ್ರೆ ನನ್ನ ಬಾಯಿಗೆ ಬಿದ್ದಂಗೆ!"

ಅಷ್ಟರಲ್ಲಿ ಶಾಲೆಯ ಊಟದ ಬಿಡುವಿಗೆಂದು ತಿಪ್ಪೇರುದ್ರಪ್ಪ ಮೇಷ್ಟ್ರು ಆ ದಾರಿಯಲ್ಲಿ ಬಂದರು. ಕಾಗದ ಇಸಿದುಕೊಂಡು ಓದಿ ಕನ್ನಡಕ ತೆಗೆದರು.

"ನಿನ್ನ ಅರ್ಜಿ ಯಾರಪ್ಪ ಬರೆದಿದ್ದು? 'ಆನ್ ಬಿಹಾಫ್ ಆಫ್' ಅಂದ್ರೆ ಅರ್ಧ ಅಲ್ಲ, 'ಪರವಾಗಿ' ಅಂತ. ದಿನಾ ಹುಡುಗರಿಗೆ ಹೇಳ್ಕೊಡ್ತೀನಿ. ತಂದೆಯ ಪರವಾಗಿ ಮಗ ರುಜು ಹಾಕಿದ. ಅಕ್ಕನ ಪರವಾಗಿ ತಮ್ಮ ಮಾತಾಡಿದ. ಹಂಗೇ, ಬೊಮ್ಮಯ್ಯನ ಪರವಾಗಿ ನೀನು ಅರ್ಜಿ ಕೊಟ್ಟೀಯ. ಪಾಪ, ಅವನ ಎಮ್ಮೆಗೆ ನಿಲ್ಲಾಕೆ ಜಾಗ ಇಲ್ಲ ಅಂತ. ದೊರೆಗಳು ಸಂತೋಷಪಟ್ಟು, ನಿನ್ನ ಮನೆ ಮುಂದೇನೇ ಗೂಟ ಹೊಡ್ಕೊಳ್ಳಾಕೆ ಬೊಮ್ಮಯ್ಯಂಗೆ ಅಪ್ಪಣೆ ಮಾಡವ್ರೆ."

ಬೀದಿಯವರೆಲ್ಲ ಒಮ್ಮೆಲೇ ದೊಡ್ಡೀರಪ್ಪನ ಕಡೆ ತಿರುಗಿದರು. ಆಮೇಲೆ ರಸೂಲ್ ಸಾಬ್ ನಕ್ಕ ನಗೆಗೆ ಎಮ್ಮೆಯೇ ಬೆದರಿತು. ಪಾಲಮ್ಮ ಸರ್ರನೆ ಬಂದು ಮೇಷ್ಟ್ರ ಕೈಯಿಂದ ಕಾಗದ ಕಿತ್ತುಕೊಂಡಳು.

"ಕೊಡ್ರಿ ಇಲ್ಲಿ, ನಮ್ಮೆಮ್ಮೆ ಕಾಗದ!" ಎಂದವಳೇ ಮಡಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಅಲ್ಲಿಂದ ತೆಗೆಯುವ ಧೈರ್ಯ ಯಾವ ಗಂಡಸಿಗೂ ಇರಲಿಲ್ಲ.

ಈಗ ದೊಡ್ಡೀರಪ್ಪನ ನಾಲಗೆ ಬಿಸಿಯಾಯಿತು. ಕೊಟ್ಟೂರಪ್ಪನ ಮೂರು ತಲೆಮಾರನ್ನು ಹೆಸರು ಹಿಡಿದು ಬೈದ. ಮೇಷ್ಟ್ರ ಕಾಲಿಗೆ ಬಿದ್ದು ಇನ್ನೊಂದು ಅರ್ಜಿ ಬರೆಸಿಕೊಂಡ. ಮೇಷ್ಟ್ರು ಊಟ ಬಿಟ್ಟು, ಮೇಲ್ಗಡೆ ದಪ್ಪ ಅಕ್ಷರದಲ್ಲಿ 'ಅಗೇನ್ಸ್ಟ್ ಬೊಮ್ಮಯ್ಯ' ಎಂದು ಹಾಕಿದರು. "ಇದು 'ವಿರುದ್ಧ'. ಇದರಾಗೆ ಅನುಮಾನಾನೇ ಇಲ್ಲ" ಎಂದರು.

ಹುಣಸೆಮರದ ಹತ್ತಿರ ಬಂದಾಗ ಕೊಟ್ಟೂರಪ್ಪ ತಾನೇ ಎದ್ದುನಿಂತು ಕೈ ಬೀಸಿದ.

"ದೊಡ್ಡೀರಪ್ಪ, ನಿಲ್ಲು! ಬಂಗಲೆಯಿಂದ ನಿನಗೊಂದು ಒಳ್ಳೆ ಸುದ್ದಿ..."

"ನಿನ್ನ ಸುದ್ದಿಗೆ ಬೆಂಕಿ ಬೀಳ!" ದೊಡ್ಡೀರಪ್ಪ ಮಸಿಕುಡಿಕೆಗೆ ಒದ್ದ. ಕುಡಿಕೆ ಹಾರಿ ಕೊಟ್ಟೂರಪ್ಪನ ಬಿಳಿ ಪಂಚೆಯ ಮೇಲೆ ಬಿತ್ತು. ಉಳಿದ ಮಾತು ಕೇಳಲು ಅವನು ನಿಲ್ಲಲಿಲ್ಲ.

ಬಂಗಲೆಯ ಮುಂದೆ ಗಾಡಿ ಹೂಡಿಯಾಗಿತ್ತು. ದೊರೆ ಮೆಟ್ಟಿಲಿಳಿಯುತ್ತಿದ್ದ. ದೊಡ್ಡೀರಪ್ಪನನ್ನು ಕಂಡೊಡನೆ ಮುಖವರಳಿಸಿ, ಜೇಬಿನಿಂದ ಒಂದು ಕಾಗದ ತೆಗೆದು ಕೊಡಲು ಕೈ ನೀಡಿದ. ದೊಡ್ಡೀರಪ್ಪ ಆ ಕೈಗೆ ತನ್ನ ಹೊಸ ಅರ್ಜಿಯನ್ನು ತುರುಕಿದ.

ದೊರೆ ಓದಿದ. ಮುಖ ಟೊಮ್ಯಾಟೊದಂತಾಯಿತು. ಇಂಗ್ಲಿಷಿನಲ್ಲಿ ಏನೇನೋ ಗುಡುಗಿದ. ಅರ್ಜಿಯನ್ನೂ ತನ್ನ ಕೈಯಲ್ಲಿದ್ದ ಕಾಗದವನ್ನೂ ಸೇರಿಸಿ ಹರಿದು, ಚೂರುಗಳನ್ನು ದೊಡ್ಡೀರಪ್ಪನ ರುಮಾಲಿನ ಮೇಲೆ ಎಸೆದು ಗಾಡಿ ಹತ್ತಿದ. ಗಾಡಿ ಚಳ್ಳಕೆರೆಯ ದಾರಿ ಹಿಡಿದು ಧೂಳೆಬ್ಬಿಸಿತು.

"ಏನಾಯ್ತು ಸ್ವಾಮಿ? ಯಾಕೆ ಬೈದ್ರು?"

ಶಿರಸ್ತೇದಾರರು ಅವನನ್ನು ಮೇಲಿಂದ ಕೆಳಗೆ ನೋಡಿದರು.

"ಕೃತಘ್ನ ಅಂದ್ರು. ಆಗಲೇ ಬೊಮ್ಮಯ್ಯ ಬಂದಿದ್ದ. ಕೊಟ್ಟೂರಪ್ಪನ ಹತ್ತಿರಾನೇ ಬರೆಸಿಕೊಂಡು ನಿನ್ನ ಹೆಸರಿಗೂ ಅದೇ 'ಬಿಹಾಫ್' ಹಾಕ್ಸಿ ಅರ್ಜಿ ಕೊಟ್ಟ. ದೊಡ್ಡೀರಪ್ಪನ ನೂಲಿಗೆ ಜಾಗ ಸಾಲಲ್ಲ, ಬೀದಿ ಪೂರ್ತಿ ಬೇಕಂತೆ ಅಂತ. ಇಂಥ ನೆರೆಹೊರೆ ಲೋಕದಾಗೇ ಇಲ್ಲ ಅಂತ ದೊರೆಗಳಿಗೆ ಕಣ್ಣು ತುಂಬಿ ಬಂತು. ಬೀದಿ ಪೂರ್ತಿ ನಿನ್ನ ಹಾಸಿಗೇ, ಎಮ್ಮೆ ಊರಾಚೆ ಕಟ್ಟಬೇಕು, ಬೆಳಗಿನ ಹುಕುಂ ರದ್ದು ಅಂತ ಬರೆದು, ನಿನ್ನ ಕೈಗೆ ತಾವೇ ಕೊಡಬೇಕು ಅಂತ ಇಟ್ಕೊಂಡಿದ್ರು. ನೀನು ನೋಡಿದ್ರೆ ಆ ದೇವರಂಥ ಮನುಷ್ಯನ ವಿರುದ್ಧವೇ ಅರ್ಜಿ ತಂದೀಯ!"

ದೊಡ್ಡೀರಪ್ಪ ರುಮಾಲಿನಿಂದ ಒಂದು ಚೂರು ತೆಗೆದು ನೋಡಿದ. ತಲೆಕೆಳಗಾಗಿ ಹಿಡಿದಿದ್ದ.

"ಹಂಗಾದ್ರೆ ಸ್ವಾಮಿ... ಬೆಳಗಿನ ಹುಕುಂ?"

"ಅದು ಹರಿದಿಲ್ಲವಲ್ಲ. ಊರ್ಜಿತ."

ಹಿಂದಿರುಗಿ ಬೀದಿಯ ತಿರುವಿಗೆ ಬರುವಾಗಲೇ ಸದ್ದು ಕೇಳಿಸಿತು. ಬೊಮ್ಮಯ್ಯ ದೊಡ್ಡೀರಪ್ಪನ ಮನೆಯ ಬಾಗಿಲ ಮುಂದೆ ಗೂಟ ಹೊಡೆಯುತ್ತಿದ್ದ. ಗೂಟ ಅಲ್ಲಾಡದ ಹಾಗೆ ಹಿಡಿದುಕೊಂಡಿದ್ದವಳು ಈಶ್ವರಮ್ಮ.

"ಮತ್ತೇನು ಮಾಡ್ಲಿ?" ಎಂದಳು ಅವಳು, ತಲೆಯೆತ್ತದೆ. "ನೀವೇ ಬರೆಸಿ ತಂದಿರೋ ಹುಕುಮಂತೆ."